ಅಣ್ಣನ ರೇಸ್ ಬೈಕ್

ನಮ್ಮ ಹಳೆಯ ಮ್ಯಾನೇಜರ್ ತೀರಿಕೊಂಡ ಸುದ್ದಿ ಬಂದಾಗ ನಾನು ಮೂರ್ನಾಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕುಳಿತಿದ್ದೆ. ಜೊತೆಯಲ್ಲಿದ್ದ ಮೂವರೂ ನನ್ನ ಹಾಗೆ ಒಂದು ಕಾಲದಲ್ಲಿ ಅವರ ಕೈಕೆಳಗೆ ಕಾಫಿ ಎಸ್ಟೇಟಿನಲ್ಲಿ ದುಡಿದವರು. ಫೋನ್ ಇಟ್ಟು ವಿಷಯ ಹೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ನಾಲ್ವರೂ ಒಟ್ಟಿಗೆ ನಕ್ಕುಬಿಟ್ಟೆವು.

ಸಾವಿನ ಸುದ್ದಿಗೆ ನಗಬಾರದು ಎಂದು ಎಲ್ಲರಿಗೂ ಗೊತ್ತಿತ್ತು. ಹಳೆಯ ವಾಚ್‌ಮನ್ ಮೊದಲು ಬಾಯಿ ಒರೆಸಿಕೊಂಡ. "ಇನ್ನು ನನ್ನನ್ನು ಬ್ರಾಕೆಟ್ ಅಂತ ಕರೆಯೋವ್ರು ಯಾರೂ ಇಲ್ಲ ಮಾರಾಯ," ಅಂದ. ಅವನ ಎರಡೂ ಕಾಲು ಹುಟ್ಟಿದಾಗಿನಿಂದ ಹೊರಕ್ಕೆ ಸೊಟ್ಟ. ಅವನಿಗೆ ಆ ಹೆಸರಿಟ್ಟವರು ನಮ್ಮ ಮ್ಯಾನೇಜರ್ ಸಾಹೇಬರೇ. ಹೆಸರು ಎಷ್ಟು ಗಟ್ಟಿಯಾಗಿ ಅಂಟಿತೆಂದರೆ ಅವನು ಮಗಳ ಮದುವೆಯ ಕರೆಯೋಲೆ ಕೊಡಲು ಬಂದಾಗ ಊರಿನವರು "ಬ್ರಾಕೆಟ್ ಮಗಳಿಗಂತೆ ಮದುವೆ" ಎಂದೇ ಮಾತಾಡಿಕೊಂಡರು.

"ಆದ್ರೂ ಒಂದು ಮಾತು ಹೇಳ್ಬೇಕು," ಎಂದು ಅವನೇ ಮುಂದುವರಿಸಿದ. "ಸಾಹೇಬ್ರು ತಮ್ಮ ಅಣ್ಣನ್ನ ನೋಡ್ಕೊಂಡ ಹಾಗೆ ಈ ಕಾಲದಲ್ಲಿ ಯಾರೂ ನೋಡ್ಕೊಳ್ಳಲ್ಲ. ಅದೊಂದು ಪುಣ್ಯ ಮಾಡಿದ್ದಾರೆ."

ಉಳಿದಿಬ್ಬರೂ ಹೌದು ಹೌದು ಎಂದರು. ನಾನು ಚಹಾದ ಲೋಟ ಕೆಳಗಿಟ್ಟು ಅವರ ಮನೆಯಿದ್ದ ಬಿಟ್ಟಂಗಾಲಕ್ಕೆ ಹೊರಟೆ.

ನಾನು ಆ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಹಾಜರಿ ಬರೆಯುವುದು, ಸಂಜೆ ಕಣದಲ್ಲಿ ನಿಂತು ಕೊಯ್ದ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಅವರು ಮ್ಯಾನೇಜರ್. ತೆಳ್ಳಗೆ ಎತ್ತರದ ಆಳು. ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು, ಬಲಗೈ ಯಾವಾಗಲೂ ಅದರ ಜೇಬಿನಲ್ಲಿ. ಸಹಿ ಹಾಕುವಾಗ ಮಾತ್ರ ಆ ಕೈ ಹೊರಗೆ ಬರುತ್ತಿತ್ತು. ಯಾರಾದರೂ ಕೈ ಕುಲುಕಲು ಬಂದರೆ ಎಡಗೈ ಮುಂದೆ ಮಾಡುತ್ತಿದ್ದರು. ದೊಡ್ಡ ಮನೆತನದ ಕೊಡವರು, ಗತ್ತು ಹಾಗೇ ಇರುತ್ತದೆ ಎಂದು ನಾವು ಅಂದುಕೊಂಡಿದ್ದೆವು.

ಅವರು ಯಾರ ಮೇಲೂ ಕೈ ಮಾಡಿದವರಲ್ಲ. ಒಮ್ಮೆ ಮೇಸ್ತ್ರಿಯೊಬ್ಬ ಹಣ್ಣು ಕೊಯ್ಯುವ ಹೆಂಗಸಿನ ಕೆನ್ನೆಗೆ ಹೊಡೆದಾಗ ಅವತ್ತೇ ಅವನನ್ನು ಗೇಟಿನ ಹೊರಗೆ ಹಾಕಿದರು. "ಹೊಡೆಯೋವನಿಗೆ ಬೈಯೋದಕ್ಕೆ ಬರೋದಿಲ್ಲ ಅಂತ ಅರ್ಥ. ಬೈಯೋದಕ್ಕೆ ಬಾರದವನು ನನಗೆ ಎಂತಕ್ಕೆ?" ಎಂದರು. ಮರುದಿನ ಅದೇ ಹೆಂಗಸು ಹಸಿರು ಕಾಯಿ ಬೆರೆಸಿದ ಚೀಲ ತಂದಾಗ, ಕಣದಲ್ಲಿ ಎಲ್ಲರ ಎದುರು ಅದನ್ನು ಸುರಿಸಿ, "ನಿನ್ನೆ ಕೆನ್ನೆ ಕೆಂಪಾಗಿತ್ತಲ್ಲ, ಇವತ್ತು ಹಣ್ಣು ಯಾಕೆ ಹಸಿರು?" ಎಂದು ಕೇಳಿದರು. ಕೂಲಿ ಲೈನಿನ ಹೆಂಗಸರೆಲ್ಲ ನಕ್ಕರು. ಅವಳು ಕುಕ್ಕರಗಾಲಿನಲ್ಲಿ ಕುಳಿತು ಕಾಯಿ ಆರಿಸಿದಳು. ಕೆನ್ನೆಗೆ ಬಿದ್ದ ಏಟಿಗೆ ಅವಳು ಅತ್ತಿರಲಿಲ್ಲ, ಆ ಮಾತಿಗೆ ಅತ್ತಳು.

ಪೊನ್ನಂಪೇಟೆಯ ಕಾಲೇಜಿನಲ್ಲಿ ಓದಿದ ಒಬ್ಬ ಅಸಿಸ್ಟೆಂಟ್ ಹೊಳೆಯುವ ಶೂ ಹಾಕಿಕೊಂಡು ಕೆಲಸಕ್ಕೆ ಬಂದಿದ್ದ. ಮಳೆಗಾಲ. ಅವನಿಗೆ ನೆರಳುಮರಗಳ ಪರಿಚಯ ಮಾಡಿಸುತ್ತೇನೆಂದು ಜಿಗಣೆ ತುಂಬಿದ ಹೊಳೆಬದಿಯ ಬ್ಲಾಕಿಗೆ ಕರೆದುಕೊಂಡು ಹೋಗಿ, ಒಂದೊಂದು ಮರದ ಕೆಳಗೂ ನಿಲ್ಲಿಸಿ ಪಾಠ ಹೇಳಿದರು. ತಾವು ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡಿದ್ದರು. ವಾಪಸು ಬಂದಾಗ ಹುಡುಗನ ಸಾಕ್ಸು ರಕ್ತದಲ್ಲಿ ನೆನೆದಿತ್ತು. "ಡಿಗ್ರಿ ಉಂಟು, ರಕ್ತವೂ ಉಂಟು. ಇನ್ನೆಂತ ಬೇಕು?" ಎಂದರು.

ನನ್ನ ಮದುವೆಗೂ ಬಂದಿದ್ದರು. ಮಂಟಪ ಹತ್ತಿ ನನ್ನ ಹೆಂಡತಿಗೆ ಒಳ್ಳೆಯ ಸೀರೆ ಕೊಟ್ಟು, "ನಿನ್ನ ಗಂಡನ ಅಕ್ಷರ ಚೆಂದ ಉಂಟಮ್ಮ. ಬೇರೆ ಎಂತದೂ ಹುಡುಕಬೇಡ," ಎಂದು ಇಳಿದುಹೋದರು. ನನ್ನ ಹೆಂಡತಿ ಈಗಲೂ ಜಗಳ ಬಂದಾಗ ಆ ಮಾತು ಎತ್ತುತ್ತಾಳೆ.

ಇಷ್ಟೆಲ್ಲ ಇದ್ದೂ ಅವರ ಹತ್ತಿರ ಹೋಗಬೇಕು ಎನಿಸುತ್ತಿತ್ತು. ಇವತ್ತು ಯಾರ ಸರದಿ ಎಂದು ನೋಡುವ ಆಸೆ ಇರುತ್ತದಲ್ಲ, ಅದು. ಅವರು ನಿವೃತ್ತರಾಗಿ ಬಿಟ್ಟಂಗಾಲದ ತಮ್ಮ ಸಣ್ಣ ತೋಟದ ಮನೆಗೆ ಹೋದ ಮೇಲೂ ನಾನು ಭಾನುವಾರ ಸ್ಕೂಟರ್ ಹತ್ತಿ ಅಲ್ಲಿಗೆ ಹೋಗುತ್ತಿದ್ದೆ.

ಅವರ ಅಣ್ಣ ಮಿಲಿಟರಿಯಲ್ಲಿದ್ದು ನಿವೃತ್ತರಾದವರು. ಮದುವೆ ಆಗಿರಲಿಲ್ಲ. ಗೋಣಿಕೊಪ್ಪದಲ್ಲಿ ಒಬ್ಬರೇ ಇದ್ದರು. ಹುತ್ತರಿ ಹಬ್ಬಕ್ಕೆ ಕ್ಯಾಂಟೀನಿನ ರಮ್ ಹಿಡಿದುಕೊಂಡು ತಮ್ಮನ ಮನೆಗೆ ಬಂದು ಗಟ್ಟಿಯಾಗಿ ನಕ್ಕು ಹೋಗುತ್ತಿದ್ದ ದೊಡ್ಡ ದೇಹದ ಮನುಷ್ಯ. ಒಂದು ದಿನ ಸ್ನಾನದ ಮನೆಯಲ್ಲಿ ಬಿದ್ದರು. ಲಕ್ವ ಹೊಡೆದಿತ್ತು. ಬಲಭಾಗ ಪೂರ್ತಿ ಹೋಯಿತು, ಮಾತೂ ಹೋಯಿತು. ಆಸ್ಪತ್ರೆಯಿಂದ ಎಲ್ಲಿಗೆ ಕಳಿಸುವುದು ಎಂದು ನೆಂಟರೆಲ್ಲ ಯೋಚಿಸುತ್ತಿರುವಾಗಲೇ ನಮ್ಮವರು, ಅಂದರೆ ನಮ್ಮ ಮ್ಯಾನೇಜರ್, ಆಂಬುಲೆನ್ಸ್ ತಂದು ಅಣ್ಣನನ್ನು ಮನೆಗೆ ಕರೆದುಕೊಂಡು ಬಂದುಬಿಟ್ಟರು. ಮುಂದಿನ ವರಾಂಡದಲ್ಲಿ, ಅಂಗಳ ಪೂರ್ತಿ ಕಾಣುವ ಹಾಗೆ, ಗಾಲಿ ಕುರ್ಚಿಗೆ ಜಾಗ ಮಾಡಿದರು. ತಾವೇ ಮೈ ಒರೆಸುತ್ತಿದ್ದರು, ತಾವೇ ಕ್ಷೌರ ಮಾಡುತ್ತಿದ್ದರು. ಊರೆಲ್ಲ ಹೊಗಳಿತು.

ಅಣ್ಣನ ಬಾಯಲ್ಲಿ ಒಂದೇ ಒಂದು ಮಾತು ಉಳಿದಿತ್ತು, "ಬೋಂಡ." ಕೊಡವ ಭಾಷೆಯಲ್ಲಿ ಹಾಗೆಂದರೆ ಬೇಡ. ಹಸಿವಾದರೂ ಬೋಂಡ, ಚಳಿಯಾದರೂ ಬೋಂಡ, ಸಂತೋಷವಾದರೂ ಅದೇ. ನಾನು ಮೊದಲ ಸಲ ನೋಡಲು ಹೋದ ದಿನ ನಮ್ಮವರು ಒಳಗಿನಿಂದ ತಟ್ಟೆಯೊಂದನ್ನು ತಂದು ಅಣ್ಣನ ತೊಡೆಯ ಮೇಲಿಟ್ಟರು. ವಿರಾಜಪೇಟೆಯ ಹೋಟೆಲಿನಿಂದ ತರಿಸಿದ ಬಿಸಿ ಆಲೂಗಡ್ಡೆ ಬೋಂಡ. "ಬೆಳಿಗ್ಗೆಯಿಂದ ಇದನ್ನೇ ಕೇಳ್ತಾ ಇದ್ದಾನೆ ರೈಟರ್. ತಿನ್ನು ಅಣ್ಣ."

ಅಣ್ಣ ತಟ್ಟೆ ನೋಡಿ, ತಮ್ಮನನ್ನು ನೋಡಿ, ತಡೆಯಲಾರದೆ ಅದೇ ಮಾತು ಹೇಳಿದರು. ನನಗೆ ನಗು ಬಂತು, ಬಂದದ್ದು ಸುಳ್ಳಲ್ಲ. ಬಾಗಿಲಲ್ಲಿ ನಿಂತಿದ್ದ ನಮ್ಮವರ ಹೆಂಡತಿ ಮಾತ್ರ ನಗಲಿಲ್ಲ. ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ಅಕ್ಕ ಬಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆ ವರ್ಷವೇ ಅಣ್ಣನ ಹಳೆಯ ಬೈಕ್ ಬಂತು.

ಕುಶಾಲನಗರದ ಆಚೆ, ಹಾಸನದ ಕಡೆಯಿಂದ ಬಂದು ನೆಲೆಸಿದ ಒಬ್ಬ ರೈತರ ಮನೆಯಲ್ಲಿ ಅದು ಇದೆಯೆಂದು ನಮ್ಮವರಿಗೆ ಹೇಗೆ ಗೊತ್ತಾಯಿತೋ. ಕೈಯಿಂದ ಕೈಗೆ ಹೋದ ಬೈಕನ್ನು ಊರೂರು ವಿಚಾರಿಸಿಕೊಂಡು ಹಿಡಿದಿದ್ದರು. ಜೀಪಿನಲ್ಲಿ ನನ್ನನ್ನೂ ಕೂರಿಸಿಕೊಂಡು ಹೋದರು. ಕೊಟ್ಟಿಗೆಯ ಮೂಲೆಯಲ್ಲಿ ಅದು ಗೋಡೆಗೆ ಒರಗಿ ನಿಂತಿತ್ತು. ಹ್ಯಾಂಡಲ್ಲಿನ ಮೇಲೆ ಎರಡು ಕೋಳಿ ಕುಳಿತಿದ್ದವು. ಚಕ್ರದಲ್ಲಿ ಗಾಳಿ ಇಲ್ಲ, ಸೀಟಿನ ಹೊಟ್ಟೆಯಿಂದ ನಾರು ಹೊರಗೆ ಬಂದಿತ್ತು.

"ಏನ್ ಸಾ, ಇದುನ್ ತಗಂಡ್ ಏನ್ ಮಾಡೀರಿ? ಗುಜರಿಯೋನೂ ಬ್ಯಾಡ ಅಂದ," ಎಂದರು ಆ ರೈತರು.

ನಮ್ಮವರು ಕೋಳಿಗಳನ್ನು ಓಡಿಸಿ, ನೆಲಕ್ಕೆ ಮಂಡಿಯೂರಿ, ಪೆಟ್ರೋಲ್ ಟ್ಯಾಂಕಿನ ಮೇಲೆ ಒಣಗಿ ಕೂತಿದ್ದ ಹಿಕ್ಕೆಯನ್ನು ಉಗುರಿನಿಂದ ಕೆರೆದರು. ಕೆಳಗೆ ಕೆಂಪು ಬಣ್ಣ ಕಾಣಿಸಿತು, ಅದರ ಮೇಲೆ ಬಿಳಿಯಲ್ಲಿ ಬರೆದ ಏಳು. ಅಣ್ಣ ಯೌವನದಲ್ಲಿ ಮದ್ರಾಸಿನ ಕಡೆ ಹಳೆಯ ವಿಮಾನ ಇಳಿದಾಣದಲ್ಲಿ ರೇಸ್ ಓಡಿಸುತ್ತಿದ್ದಾಗಿನ ನಂಬರ್ ಅದು. ಕೆರೆದಲ್ಲೇ ಮುಖ ತಂದು ಮೂಸಿ ನೋಡಿದರು. ಅವರ ಕಣ್ಣಲ್ಲಿ ನೀರು ನಾನು ಕಂಡದ್ದು ಅದೊಂದೇ ಸಲ.

"ಹಳೇ ನೆನಪು ಮಾರಾಯ," ಎಂದರು ಜೀಪಿನಲ್ಲಿ. "ಹದಿನೈದು ವಯಸ್ಸಿನದ್ದು. ಅದನ್ನ ಮತ್ತೆ ಓಡೋ ಹಾಗೆ ಮಾಡ್ಬೇಕು. ಅಣ್ಣನ ಎದುರಿಗೇ ಮಾಡ್ಬೇಕು."

ಊರಲ್ಲಿ ಈ ಮಾತು ಹರಡಿತು. ಲಕ್ವ ಹೊಡೆದ ಅಣ್ಣನಿಗೆ ಹಳೆಯ ಬೈಕ್ ತೋರಿಸಿ ಜೀವ ತುಂಬುತ್ತಿದ್ದಾನೆ ಎಂದರು. ವಿರಾಜಪೇಟೆಯ ಮೆಕ್ಯಾನಿಕ್ ಒಬ್ಬ ಇದನ್ನು ಕೇಳಿ ಸಿಲಿಂಡರ್ ಬೋರ್ ಮಾಡಿಕೊಟ್ಟು ಕೂಲಿ ಬೇಡವೆಂದ. ನಾನೂ ಹಾಗೇ ನಂಬಿ ಭಾನುವಾರಗಳನ್ನು ಆ ಅಂಗಳದಲ್ಲಿ ಕಳೆದೆ. ತುಕ್ಕು ಹಿಡಿದು ಜಾಮ್ ಆಗಿದ್ದ ಪಿಸ್ಟನ್ನಿಗೆ ಡೀಸೆಲ್ ಸುರಿದು ವಾರಗಟ್ಟಲೆ ಕಾದೆವು. ರಿಮ್ಮುಗಳನ್ನೂ ಸೈಲೆನ್ಸರ್‌ಗಳನ್ನೂ ಕ್ರೋಮ್ ಹಾಕಿಸಲು ಮೈಸೂರಿಗೆ ಕಳಿಸಿದೆವು. ಎಲ್ಲ ಕೆಲಸವೂ ವರಾಂಡದ ಎದುರೇ. ಮಳೆ ಬಂದರೆ ಟಾರ್ಪಾಲು ಕಟ್ಟಿಸುತ್ತಿದ್ದರೇ ಹೊರತು ಬೈಕನ್ನು ಅಣ್ಣನ ಕಣ್ಣು ತಪ್ಪಿಸಿ ಷೆಡ್ಡಿಗೆ ಒಯ್ಯುತ್ತಿರಲಿಲ್ಲ.

ಒಂದು ಭಾನುವಾರ ಕಾರ್ಬುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆಯುತ್ತಿರುವಾಗ ಅವರ ಬಲ ಅಂಗೈ ಕಂಡಿತು. ಅಂಗೈಯ ಚರ್ಮ ಮೇಣ ಸುರಿದು ಆರಿಸಿದ ಹಾಗೆ ನುಣುಪಾಗಿ ಸುಕ್ಕುಗಟ್ಟಿತ್ತು. ರೇಖೆಗಳೇ ಇರಲಿಲ್ಲ. ನಾನು ನೋಡಿದ್ದನ್ನು ಅವರು ನೋಡಿದರು.

"ನೋಡು, ಜ್ಯೋತಿಷ್ಯ ಹೇಳು," ಎಂದು ಕೈ ಚಾಚಿದರು. ಆಮೇಲೆ ಅಣ್ಣನ ಕಡೆ ತಿರುಗಿ ಗಟ್ಟಿಯಾಗಿ, ನನಗೂ ಅರ್ಥವಾಗಲೆಂದು ಕನ್ನಡದಲ್ಲೇ, ಮದುವೆ ಮನೆಯ ತಮಾಷೆ ಹೇಳುವ ಧಾಟಿಯಲ್ಲಿ ಹೇಳತೊಡಗಿದರು. ಹದಿನೈದರ ಹುಡುಗನಿಗೆ ಪ್ರತಿ ಭಾನುವಾರ ಅಣ್ಣನ ಬೈಕ್ ಒರೆಸುವ ಕೆಲಸ. ಒರೆಸಬಹುದು, ಕೂರುವಂತಿಲ್ಲ. ಒಂದು ಭಾನುವಾರ ಯಾರೂ ಇಲ್ಲವೆಂದು ಹತ್ತಿ ಕೂತ. ಹಿಂದಿನಿಂದ ಅಣ್ಣ ಗೆಳೆಯರ ಜೊತೆ ಬಂದ. ಬೈಯಲಿಲ್ಲ. ಕೂತಾಯ್ತಲ್ಲ, ಸ್ಟಾರ್ಟ್ ಮಾಡು ಎಂದ. ಹುಡುಗನಿಗೆ ಸ್ವರ್ಗವೇ ಸಿಕ್ಕಿತು. ಎಂಜಿನ್ ಚೆನ್ನಾಗಿ ಕಾಯುವವರೆಗೆ ಅಣ್ಣನೇ ಆಕ್ಸಿಲರೇಟರ್ ತಿರುಗಿಸುತ್ತಾ ನಿಂತ. ಆಮೇಲೆ ತಮ್ಮನ ಮಣಿಕಟ್ಟು ಹಿಡಿದು, "ಮುಟ್ಟಿ ನೋಡು, ಹೇಗುಂಟು," ಎಂದು ಸೈಲೆನ್ಸರಿನ ಮೇಲೆ ಒತ್ತಿದ.

"ಗೆಳೆಯರೆಲ್ಲ ನಕ್ಕರು. ಒಳಗಿಂದ ಅಪ್ಪ ಎಂತ ಸದ್ದು ಅಂತ ಕೇಳಿದ್ರು. ಸೈಲೆನ್ಸರಿಗೆ ತಾಗಿತು ಅಂದ ಇವನು. ಅಲ್ವಾ ಅಣ್ಣ?"

"ಬೋಂಡ," ಎಂದರು ಅಣ್ಣ.

"ತಮಾಷೆ ಎಂತ ಗೊತ್ತುಂಟಾ ರೈಟರ್? ಇವನಿಗೆ ಅದು ನೆನಪೇ ಇಲ್ಲ. ಮಾತು ಬರ್ತಿದ್ದ ಕಾಲದಲ್ಲಿ ಒಂದು ಹುತ್ತರಿಗೆ ರಮ್ ಕುಡೀತಾ ಕೇಳಿದೆ. ಯಾವ ಬೈಕು, ಯಾವ ಕೈ ಅಂದ. ನಿಜವಾಗ್ಲೂ ಮರೆತಿದ್ದ. ನಾನು ಇಷ್ಟು ವರ್ಷ ಜೇಬಲ್ಲಿ ಇಟ್ಟುಕೊಂಡು ತಿರುಗಿದ್ದನ್ನ ಇವನು ಮರೆತುಬಿಟ್ಟಿದ್ದ."

ಅಷ್ಟು ಹೇಳಿ ಕಾರ್ಬುರೇಟರಿನ ಜೆಟ್ ಬಾಯಿಗಿಟ್ಟು ಊದಿದರು.

ಅಂದಿನಿಂದ ಆ ಅಂಗಳದಲ್ಲಿ ನಡೆಯುತ್ತಿದ್ದುದು ನನಗೆ ಬೇರೆಯಾಗಿ ಕಾಣತೊಡಗಿತು. ಟ್ಯಾಂಕಿಗೆ ಯಾವ ಬಣ್ಣ ಹೊಡೆಯಲಿ, ಕೆಂಪೇ ಇರಲಾ ಎಂದು ಅಣ್ಣನನ್ನು ಕೇಳುವರು. ಅಣ್ಣ ತಮಗೆ ಗೊತ್ತಿದ್ದ ಒಂದೇ ಮಾತು ಹೇಳುವರು. "ಬೇಡವಂತೆ. ಹಸಿರು ಹೊಡೆಯೋಣ." ಬಿಳಿಯ ಏಳನ್ನು ಎಮರಿ ಕಾಗದದಿಂದ ಉಜ್ಜಿ ತೆಗೆದದ್ದೂ ಅಣ್ಣನ ಕುರ್ಚಿಯ ಪಕ್ಕದಲ್ಲೇ ಕುಳಿತು, ಬಹಳ ನಿಧಾನವಾಗಿ. ಆ ಅಂಕಿ ಮಾಸುತ್ತಾ ಹೋದ ಹಾಗೆ ಅಣ್ಣನ ಎಡಗಣ್ಣಿನಿಂದ ನೀರು ಇಳಿಯಿತು. ಲಕ್ವದವರಿಗೆ ಹಾಗೆ ಸುಮ್ಮಸುಮ್ಮನೆ ಇಳಿಯುತ್ತದೆ ಎಂದೂ ಹೇಳುತ್ತಾರೆ. ಹೊಸ ಸ್ಪೋಕ್ ಕಟ್ಟಿದ ಚಕ್ರವನ್ನು ಅಣ್ಣನ ತೊಡೆಯ ಮೇಲಿಟ್ಟು, ನೆಟ್ಟಗಿದ್ದ ಎಡಗೈಗೆ ಬಟ್ಟೆ ಕೊಟ್ಟು, "ಒರೆಸು. ಇವತ್ತು ಭಾನುವಾರ," ಎನ್ನುತ್ತಿದ್ದರು. ಆ ದೊಡ್ಡ ಮನುಷ್ಯ ಬಾಯಿಯ ಓರೆಯಲ್ಲಿ ಜೊಲ್ಲು ಸುರಿಸುತ್ತಾ ಒಂದೊಂದೇ ಸ್ಪೋಕ್ ಒರೆಸುತ್ತಿದ್ದರು. ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ಫೋಟೋ ತೆಗೆದುಕೊಂಡರು. ಅಣ್ಣತಮ್ಮ ಎಂದರೆ ಹೀಗಿರಬೇಕು ಎಂದರು.

ನಾನು ಹೋಗುವುದನ್ನು ಬಿಡಬೇಕೆಂದುಕೊಂಡಿದ್ದೆ. ಅಕ್ಕ ಕಾಫಿ ಕೊಡುವ ನೆವದಲ್ಲಿ ನನ್ನನ್ನು ಹಿತ್ತಲಿಗೆ ಕರೆದರು.

"ರೈಟ್ರೇ, ನೀವು ಬರೋದು ನಿಲ್ಲಿಸ್ಬೇಡಿ."

"ನಾನು ಬಂದು ಎಂತ ಉಪಯೋಗ ಅಕ್ಕ?"

"ನೀವು ಇದ್ದ ದಿನ ಇವರು ಸ್ವಲ್ಪ ಕಮ್ಮಿ ಮಾಡ್ತಾರೆ," ಎಂದರು. ಉಳಿದ ದಿನದ ಲೆಕ್ಕ ಕೇಳದೆ ನಾನು ಲೋಟ ಖಾಲಿ ಮಾಡಿ ಅಂಗಳಕ್ಕೆ ವಾಪಸಾದೆ.

ಬೈಕ್ ಪೂರ್ತಿಯಾದಾಗ ಮಳೆ ಕಳೆದು ಬಿಸಿಲು ಬಂದಿತ್ತು. ಊರಿನವರನ್ನು ಕರೆದು ಊಟ ಹಾಕಿ ತೋರಿಸುವುದೆಂದು ಮುಂದಿನ ಭಾನುವಾರ ನಿಶ್ಚಯವಾಗಿತ್ತು. ಅದಕ್ಕೆ ಮೊದಲು ಸ್ಟಾರ್ಟ್ ಆಗುತ್ತದೆಯೇ ನೋಡಬೇಕೆಂದು ನನ್ನೊಬ್ಬನನ್ನು ಕರೆಸಿದರು. ಹಸಿರು ಟ್ಯಾಂಕ್, ಎರಡು ಬದಿಗೂ ಹೊಳೆಯುವ ಸೈಲೆನ್ಸರ್. ಬೈಕನ್ನು ತಳ್ಳಿಕೊಂಡು ಹೋಗಿ ವರಾಂಡದ ಮೆಟ್ಟಿಲಿಗೆ ತಾಗಿಸಿ, ಅಣ್ಣನ ಕುರ್ಚಿಯ ಬಲಪಕ್ಕಕ್ಕೆ ನಿಲ್ಲಿಸಿದರು. ಕಿಕ್ಕರ್ ಒದ್ದು ಒದ್ದು ಸುಸ್ತಾದ ಮೇಲೆ ಎಂಜಿನ್ ಒಮ್ಮೆ ಕೆಮ್ಮಿ ಹಿಡಿದುಕೊಂಡಿತು. ಅಂಗಳ ತುಂಬ ನೀಲಿ ಹೊಗೆ. ಆ ಸದ್ದಿಗೆ ನನ್ನ ಎದೆಯೂ ಅರಳಿತು, ಚಪ್ಪಾಳೆ ತಟ್ಟಿದೆ.

ಅವರು ನಿಲ್ಲಿಸಲಿಲ್ಲ. ಆಕ್ಸಿಲರೇಟರ್ ತಿರುಗಿಸುತ್ತಲೇ ನಿಂತರು. ಸೈಲೆನ್ಸರಿನ ಮೇಲೆ ಅಂಟಿದ್ದ ಎಣ್ಣೆ ಕಾದು ಹೊಗೆಯಾಡತೊಡಗಿತು. ಆಮೇಲೆ ಬಾಗಿ ಅಣ್ಣನ ಬಲಗೈ ಎತ್ತಿಕೊಂಡರು.

"ಮುಟ್ಟಿ ನೋಡು ಅಣ್ಣ. ಹೇಗುಂಟು?"

ನನಗೆ ಅರ್ಥವಾಗುವಷ್ಟರಲ್ಲಿ ಕೈ ಒತ್ತಿ ಆಗಿತ್ತು. ಚರ್ಮ ಸುಟ್ಟ ವಾಸನೆ ಪೆಟ್ರೋಲ್ ವಾಸನೆಯ ಮಧ್ಯೆ ಬೇರೆಯಾಗಿಯೇ ಬಂತು. ಅಣ್ಣ ಕಿರುಚಲಿಲ್ಲ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ತಮ್ಮದೇ ಕೈಯನ್ನು ಪಕ್ಕದ ಮನೆಯವರ ಸಾಮಾನು ನೋಡಿದ ಹಾಗೆ ನೋಡುತ್ತಿದ್ದರು. ಆ ಕೈಗೆ ಏನೂ ತಿಳಿಯುತ್ತಿರಲಿಲ್ಲ.

ನಮ್ಮವರು ಅಣ್ಣನ ಮುಖ ನೋಡಿದರು, ಕೈ ನೋಡಿದರು. ಕೈ ಬಿಟ್ಟುಬಿಟ್ಟು ಕುರ್ಚಿಯ ಆಚೆ ಪಕ್ಕಕ್ಕೆ, ಎಡಗೈಯ ಕಡೆಗೆ ಬಾಗಿದರು. ಆಗ ಅಣ್ಣ ಅಷ್ಟು ದಿನದಲ್ಲಿ ನಾನು ಕಾಣದ ಚುರುಕಿನಿಂದ ಎಡಗೈಯನ್ನು ತೊಡೆಯ ಮೇಲಿದ್ದ ಕಂಬಳಿಯ ಒಳಗೆ ತೂರಿಸಿಕೊಂಡು ಕಿರುಚಿದರು. ಒಳಗಿನಿಂದ ಅಕ್ಕ ಓಡಿ ಬಂದರು. ಬಂದವರೇ ಬೈಕಿನ ಕೀಲಿ ತಿರುಗಿಸಿ ಎಂಜಿನ್ ಆರಿಸಿದರು.

"ಸಾಕಾಯ್ತಾ?" ಎಂದು ಗಂಡನನ್ನು ಕೇಳಿದರು.

ಅವರು ಕಂಬಳಿಯನ್ನೇ ನೋಡುತ್ತಾ ನಿಂತಿದ್ದರು. "ಇವನಿಗೆ ನೋವೇ ಆಗ್ಲಿಲ್ಲ," ಎಂದರು. ಮೋಸ ಹೋದವರ ದನಿಯಲ್ಲಿ ಎಂದರು.

ಡಾಕ್ಟರ ಹತ್ತಿರ ತಾವೇ ಕರೆದುಕೊಂಡು ಹೋದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಸೈಲೆನ್ಸರಿಗೆ ತಾಗಿತು ಎಂದರು. ಸತ್ವವಿಲ್ಲದ ಕೈ, ಗಾಯ ಬೇಗ ಮಾಯಲಿಲ್ಲ. ಪ್ರತಿ ಬೆಳಿಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನು ತೊಳೆದು, ಮುಲಾಮು ಹಚ್ಚಿ, ಬಟ್ಟೆ ಕಟ್ಟುವ ಕೆಲಸವನ್ನು ಅವರು ಹೆಂಡತಿಗೂ ಬಿಡಲಿಲ್ಲ. ನಾನೊಮ್ಮೆ ನೋಡಿದೆ. ಹಸುಗೂಸಿನ ಕೈ ಹಿಡಿದಷ್ಟು ಮೆತ್ತಗೆ ಹಿಡಿದಿದ್ದರು. ತಮ್ಮ ಅಂಗೈಯನ್ನು ಅದರ ಪಕ್ಕ ಇಟ್ಟು ಎರಡನ್ನೂ ಹೋಲಿಸಿ ನೋಡಿದರು. ನಾನಿರುವುದು ಗೊತ್ತಾದೊಡನೆ, "ನನ್ನದೇ ಚೆಂದ ಉಂಟು," ಎಂದರು.

ಭಾನುವಾರದ ಊಟ ನಡೆದೇ ನಡೆಯಿತು. ಹಂದಿ ಕರಿ, ಅಕ್ಕಿಯ ಉಂಡೆ ಕಡಂಬುಟ್ಟು, ಊರಿನವರೆಲ್ಲ. ಅಣ್ಣನ ಕೈಯ ಕಟ್ಟು ನೋಡಿ ಪಾಪ ಎಂದರು. ಹದಿನೈದರ ವಯಸ್ಸಿನ ನೆನಪಿನ ಬಗ್ಗೆ ನಮ್ಮವರು ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ಹೆಂಗಸರು ಕಣ್ಣು ಒರೆಸಿಕೊಂಡರು. ಆಮೇಲೆ ಆ ಬೈಕ್ ಹತ್ತಿ ಮೊದಲ ಸಲ ಗೇಟು ದಾಟಿ ಹೋದರು. ಟಾರು ರಸ್ತೆಯವರೆಗೆ ಹೋಗಿ ವಾಪಸು ಬಂದರು. ಎಲ್ಲರೂ ಕೂಗಿ ಶಿಳ್ಳೆ ಹೊಡೆದರು. ನಾನು ಹ್ಯಾಂಡಲ್ ಹಿಡಿದುಕೊಳ್ಳಲು ಹೋದೆ.

"ಹೇಗುಂಟು ಸಾರ್?"

ಅವರು ಇಳಿದು ಬೈಕನ್ನು ಮೇಲಿಂದ ಕೆಳಗೆ ನೋಡಿದರು. "ರೈಟರ್, ಇದು ಇಷ್ಟು ಸಣ್ಣದಿತ್ತಾ?" ಎಂದು ಕೇಳಿದರು. ನನ್ನನ್ನು ನಿಜವಾಗಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ.

ಮತ್ತೆ ಅವರು ಅದನ್ನು ಹತ್ತಲಿಲ್ಲ. ಕೆಲವು ತಿಂಗಳಿಗೆ ಮೈಸೂರಿನ ಯಾರೋ ಬಂದು ಕೊಂಡುಹೋದರು. ಬಾಯಿ ಮಾತ್ರ ಕೊನೆಯವರೆಗೂ ಹಾಗೇ ಇತ್ತು. ಕಾಫಿ ಕೊಯ್ಲಿನ ಕಾಲದಲ್ಲಿ ಎದೆನೋವು ಬಂದು ಆಸ್ಪತ್ರೆಗೆ ಒಯ್ಯುವಾಗ ಸ್ಟ್ರೆಚರ್ ಹಿಡಿದ ದಪ್ಪ ಹುಡುಗನಿಗೆ, "ನೀನು ಮಲಗು, ನಾನು ಹಿಡೀತೇನೆ," ಅಂದರಂತೆ. ದಾರಿಯಲ್ಲೇ ಹೋದರು.

ನಾನು ಮೂರ್ನಾಡಿನಿಂದ ಹೋಗಿ ತಲುಪುವಾಗ ಅಂಗಳದಲ್ಲಿ ಕೊಡವರ ಪದ್ಧತಿಯಂತೆ ಸಾವಿನ ಜೋಡಿ ಗುಂಡು ಹಾರಿಸಿ ಆಗಿತ್ತು. ಬಂದವರೆಲ್ಲ ವರಾಂಡದ ಕುರ್ಚಿಯ ಮುಂದೆ ನಿಂತು, ಇನ್ನು ಇವರ ಗತಿ ಏನು, ಅಂಥ ತಮ್ಮ ಇನ್ನೆಲ್ಲಿ ಸಿಗುತ್ತಾನೆ ಎಂದು ಅತ್ತರು. ಅಣ್ಣ ಎಲ್ಲರ ಮುಖವನ್ನೂ ನೋಡುತ್ತಿದ್ದರು. ತಮ್ಮ ಸತ್ತದ್ದು ತಿಳಿಯಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ತಿಂಗಳು ಕಳೆದ ಮೇಲೆ ಅಕ್ಕನಿಗೆ ಹೇಳಿದೆ, ಎಲ್ಲಾದರೂ ಒಳ್ಳೆಯ ಆಶ್ರಮ ನೋಡೋಣ, ನೀವೊಬ್ಬರೇ ಎಷ್ಟು ದಿನ ಅಂತ ನೋಡಿಕೊಳ್ಳುವಿರಿ ಎಂದು.

"ಸ್ವಲ್ಪ ದಿನ ಇರ್ಲಿ ರೈಟ್ರೇ," ಎಂದರು. "ಈ ಮನೆಯಲ್ಲಿ ಹೆದರೋದಕ್ಕೆ ಎಂತದೂ ಇಲ್ಲ ಅಂತ ಅವರಿಗೆ ಗೊತ್ತಾಗ್ಲಿ. ಆಮೇಲೆ ನೋಡುವ."

ಅದು ಆಗಿ ವರ್ಷವಾಗುತ್ತಾ ಬಂತು. ಗ್ಯಾಸಿನವನಾಗಲಿ ಪೋಸ್ಟಿನವನಾಗಲಿ, ಯಾರದೇ ಬೈಕ್ ಗೇಟಿನ ಒಳಗೆ ಸದ್ದು ಮಾಡಿದರೂ ಅಣ್ಣನ ಎಡಗೈ ಕಂಬಳಿಯ ಒಳಗೆ ಹೋಗುತ್ತದೆ. ಬಿಸಿಲಿನ ದಿನ ಕಂಬಳಿ ಹೊದಿಸದೆ ಇದ್ದರೆ ಬೆನ್ನ ಹಿಂದೆ ತೂರಿಸಿಕೊಳ್ಳುತ್ತಾರೆ. ಬಂದವರು ಹೋಗಿ ಎಷ್ಟೋ ಹೊತ್ತಾದ ಮೇಲೆ ಅಕ್ಕ ಪಕ್ಕದಲ್ಲಿ ಕುಳಿತು ಒಂದೊಂದೇ ಬೆರಳು ಬಿಡಿಸಿ ಆ ಕೈಯನ್ನು ಹೊರಗೆ ತರಬೇಕಾಗುತ್ತದೆ. ನಾನು ಈಗ ಸ್ಕೂಟರನ್ನು ಟಾರು ರಸ್ತೆಯಲ್ಲೇ ನಿಲ್ಲಿಸಿ ಅಂಗಳದವರೆಗೆ ನಡೆದುಕೊಂಡು ಹೋಗುತ್ತೇನೆ.